ಮಗು ತಡವಾದರೆ ಆಸ್ಪತ್ರೆಗೆ ಇಬ್ಬರೂ ಹೋಗಿ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಬಗೆಯ ಪತ್ರ ಓದುವಾಗಲೆಲ್ಲ ಮನಸ್ಸು ಭಾರವಾಗುತ್ತೆ. ಊರು ಬೇರೆ, ಕೈಬರಹ ಬೇರೆ, ಆದರೆ ಒಕ್ಕಣೆ ಒಂದೇ. ‘ಮದುವೆಯಾಗಿ ನಾಲ್ಕು ವರ್ಷ ಆಯ್ತು. ಎಲ್ಲರೂ ಕೇಳ್ತಾರೆ. ನನಗೆ ಸ್ಕ್ಯಾನ್ ಆಗಿದೆ, ರಕ್ತ ಪರೀಕ್ಷೆ ಆಗಿದೆ, ಗರ್ಭಕೋಶ ಕ್ಲೀನ್ ಮಾಡಿಸಿದ್ದೂ ಆಗಿದೆ. ನಾಗಪ್ರತಿಷ್ಠೆಯೂ ಆಯ್ತು. ಇನ್ನೇನು ಮಾಡಲಿ?’ ಪತ್ರವನ್ನು ತಿರುವಿ ತಿರುವಿ ನೋಡಿದರೂ ಒಂದು ಮಾತು ಮಾತ್ರ ಸಿಗೋದಿಲ್ಲ. ಯಜಮಾನರ ಪರೀಕ್ಷೆ ಆಯ್ತೇ, ಇಲ್ಲವೇ ಅನ್ನೋದು.

ಮಗು ಆಗಲಿಲ್ಲ ಎಂದರೆ ದೋಷ ಹೆಂಗಸಿನದೇ ಎಂದು ನಮ್ಮ ಜನ ಎಷ್ಟು ಸಲೀಸಾಗಿ ತೀರ್ಮಾನ ಮಾಡಿಬಿಡುತ್ತಾರೆ! ‘ಬಂಜೆ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಗಂಡಸಿಗೆ ಅಷ್ಟು ಸುಲಭವಾಗಿ ಅಂಟುವ ಮಾತು ಒಂದೂ ಇಲ್ಲ. ಆದರೆ ವೈದ್ಯಶಾಸ್ತ್ರ ಹೇಳುವುದೇ ಬೇರೆ. ಮಗುವಿಗಾಗಿ ಆಸ್ಪತ್ರೆಗೆ ಬರುವ ಜೋಡಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜೋಡಿಗಳಲ್ಲಿ ಗಂಡಸಿನ ಕಡೆಯೂ ಏನಾದರೊಂದು ಕಾರಣ ಇರುತ್ತದೆ. ಕೆಲವರಲ್ಲಿ ಅವರದೊಂದೇ ಕಾರಣ, ಕೆಲವರಲ್ಲಿ ಇಬ್ಬರದೂ. ಹೀಗಿರುವಾಗ ಒಬ್ಬರನ್ನೇ ಪರೀಕ್ಷೆ ಮಾಡುತ್ತಾ ವರ್ಷಗಟ್ಟಲೆ ಕಳೆದರೆ ನಷ್ಟ ಯಾರಿಗೆ? ದುಡ್ಡು ಹೋದರೆ ಮತ್ತೆ ಬಂದೀತು. ವಯಸ್ಸು ಬರೋದಿಲ್ಲ.

ಅದಕ್ಕೇ ಈ ಸಲ ಎರಡೇ ಮಾತನ್ನು ವಿವರವಾಗಿ ಹೇಳುತ್ತೇನೆ. ಎಷ್ಟು ದಿನ ಕಾಯಬಹುದು ಅನ್ನೋದು ಒಂದು. ಹೋಗುವಾಗ ಇಬ್ಬರೂ ಹೋಗಬೇಕು ಅನ್ನೋದು ಇನ್ನೊಂದು.

ಎಷ್ಟು ದಿನ ಕಾಯಬಹುದು?

ಮದುವೆಯಾದ ಮೂರನೇ ತಿಂಗಳಿಗೇ ‘ಏನಾದರೂ ವಿಶೇಷ ಇದೆಯಾ?’ ಎಂದು ಕೇಳುವವರಿಗೆ ಕಿವಿ ಕೊಡಬೇಡಿ. ಆರೋಗ್ಯವಂತ ಎಳೆಯ ದಂಪತಿಗಳಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಂಭವ ನಾಲ್ಕೈದರಲ್ಲಿ ಒಂದು ಮಾತ್ರ. ಆದರೂ ತಿಂಗಳು ತಿಂಗಳು ಕೂಡಿಕೊಂಡು, ನೂರು ಜೋಡಿಗಳಲ್ಲಿ 80ಕ್ಕೂ ಹೆಚ್ಚು ಜೋಡಿಗಳಿಗೆ ಒಂದು ವರ್ಷದೊಳಗೆ ಫಲ ಸಿಗುತ್ತದೆ. ಆದ್ದರಿಂದ ನಿಮಗೆ 35 ವರ್ಷ ಆಗಿಲ್ಲದಿದ್ದರೆ, ಯಾವ ಗರ್ಭನಿರೋಧಕವನ್ನೂ ಬಳಸದೆ, ವಾರಕ್ಕೆ ಎರಡು ಮೂರು ಸಲವಾದರೂ ಕೂಡುತ್ತಾ ಒಂದು ವರ್ಷ ನೋಡಿ. ಆಗಲೂ ಆಗದಿದ್ದರೆ ವೈದ್ಯರ ಬಳಿ ಹೋಗಿ. 35 ದಾಟಿದವರು ಆರೇ ತಿಂಗಳು ನೋಡಿ. 40 ದಾಟಿದವರು ಕಾಯುವುದೇ ಬೇಡ, ಈಗಲೇ ಹೋಗಿ.

ವಯಸ್ಸಿಗೆ ಯಾಕಿಷ್ಟು ಮಹತ್ವ ಅಂತೀರಾ? ಗಂಡಸಿನ ದೇಹದಲ್ಲಿ ವೀರ್ಯಾಣುಗಳು ದಿನಾಲೂ ಹೊಸದಾಗಿ ತಯಾರಾಗುತ್ತಲೇ ಇರುತ್ತವೆ. ನಮಗೆ ಹಾಗಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅವಳ ಅಂಡಕೋಶಗಳಲ್ಲಿ 10ರಿಂದ 20 ಲಕ್ಷ ಅಂಡಾಣುಗಳು ಇರುತ್ತವೆ. ದೊಡ್ಡವಳಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಆಮೇಲೂ ಖರ್ಚೇ ಹೊರತು ಜಮೆ ಇಲ್ಲ. 30 ದಾಟಿದ ಮೇಲೆ ಸಂಖ್ಯೆಯೂ ಗುಣವೂ ನಿಧಾನವಾಗಿ ಇಳಿಯುತ್ತವೆ. 35ರ ನಂತರ ಇಳಿಯುವ ವೇಗ ಹೆಚ್ಚುತ್ತದೆ.

ಇಲ್ಲೊಂದು ವಿಷಯ. ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದವರು ಗಾಬರಿಯಾಗಬೇಡಿ. ಕೊನೆಯ ಚುಚ್ಚುಮದ್ದಿನ ನಂತರ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತದೆ, ಹತ್ತು ತಿಂಗಳಾದರೂ ಆದೀತು. ಅದರಿಂದ ಶಾಶ್ವತ ತೊಂದರೆ ಏನಿಲ್ಲ. ಮಾಲಾ-ಎನ್‌ನಂಥ ಮಾತ್ರೆ, ಕಾಪರ್-ಟಿ ನಿಲ್ಲಿಸಿದವರಿಗೆ ಇಷ್ಟು ತಡವೂ ಆಗುವುದಿಲ್ಲ.

ಇವರು ಕಾಯಲೇಬಾರದು

ವಯಸ್ಸು ಎಷ್ಟೇ ಇರಲಿ, ಕೆಳಗಿನ ಯಾವುದಾದರೂ ನಿಮಗೆ ಹೊಂದಿದರೆ ವರ್ಷ ಕಾಯಬೇಡಿ.

ಮುಟ್ಟು 21 ದಿನಕ್ಕಿಂತ ಮೊದಲೇ ಬರುವವರು, 35 ದಿನಕ್ಕಿಂತ ತಡವಾಗಿ ಬರುವವರು, ಎರಡು ಮೂರು ತಿಂಗಳು ಬಾರದೇ ಇರುವವರು. ಮುಟ್ಟಿನ ದಿನಗಳಲ್ಲಿ ಎದ್ದು ಓಡಾಡಲಾರದಷ್ಟು ಹೊಟ್ಟೆನೋವು ಇರುವವರು, ಕೂಡುವಾಗ ಒಳಗೆ ಆಳದಲ್ಲಿ ನೋವಾಗುವವರು. ಎರಡು ಅಥವಾ ಹೆಚ್ಚು ಸಲ ಗರ್ಭಪಾತವಾದವರು. ಗರ್ಭನಾಳದಲ್ಲೇ ಬಸಿರು ನಿಂತು ಆಪರೇಶನ್ ಆದವರು. ಹಿಂದೆ ಕ್ಷಯ ಬಂದವರು, ಅಪೆಂಡಿಕ್ಸ್ ಒಡೆದು ಶಸ್ತ್ರಚಿಕಿತ್ಸೆ ಆದವರು, ಕಿಬ್ಬೊಟ್ಟೆಯ ಸೋಂಕು ಆದವರು. ಥೈರಾಯಿಡ್, ಸಕ್ಕರೆ ಕಾಯಿಲೆ ಇರುವವರು.

ಯಜಮಾನರ ವಿಷಯವನ್ನೂ ಕೇಳಿ ತಿಳಿದುಕೊಳ್ಳಿ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿತ್ತೇ? ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಆಪರೇಶನ್ ಆಗಿತ್ತೇ? ಹರ್ನಿಯಾ ಶಸ್ತ್ರಚಿಕಿತ್ಸೆ, ಕ್ಯಾನ್ಸರಿನ ಚಿಕಿತ್ಸೆ? ಇಂಥದ್ದೇನಾದರೂ ಇದ್ದರೆ ಅವರ ಪರೀಕ್ಷೆ ಮೊದಲೇ ಆಗಲಿ.

ಇನ್ನೊಂದು ಮಾತನ್ನು ಬರೆಯಲೂ ಸಂಕೋಚ, ಬರೆಯದಿದ್ದರೆ ಅನ್ಯಾಯ. ಮದುವೆಯಾಗಿ ವರ್ಷವಾದರೂ ಸರಿಯಾದ ಕೂಡುವಿಕೆಯೇ ಆಗಿರದ ಜೋಡಿಗಳು ಇದ್ದಾರೆ. ನೋವು, ಭಯ, ನಾಚಿಕೆ, ಗಂಡನಿಗೆ ಉದ್ರೇಕದ ತೊಂದರೆ, ಮನೆಯಲ್ಲಿ ಏಕಾಂತವೇ ಸಿಗದಿರುವುದು, ಹೀಗೆ ಕಾರಣ ಯಾವುದೂ ಆಗಿರಬಹುದು. ಇದಕ್ಕೆ ಚಿಕಿತ್ಸೆ ಇದೆ, ಬಹಳ ಮಟ್ಟಿಗೆ ಸುಲಭದ ಚಿಕಿತ್ಸೆಯೇ. ಡಾಕ್ಟರ ಬಳಿ ಈ ಮಾತು ಮುಚ್ಚಿಟ್ಟು ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿದರೆ ಏನು ಬಂತು?

ಒಂದು ಮಗುವಾಗಿ ಎರಡನೆಯದು ತಡವಾದವರಿಗೂ ಇದೇ ಲೆಕ್ಕ. ‘ಮೊದಲನೆಯದು ಆಗಿದೆಯಲ್ಲ, ಆಗುತ್ತೆ ಬಿಡು’ ಎಂದು ಸುಮ್ಮನಿರಬೇಡಿ.

ಕ್ಯಾಲೆಂಡರಿನ ಲೆಕ್ಕ

ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ಇನ್ನೊಂದು ಗುರುತು ಹಾಕಿ. ಮುಟ್ಟು ಶುರುವಾದ ದಿನ 1ನೇ ದಿನ. ಎಷ್ಟೋ ಮಂದಿ ನಾಲ್ಕನೇ ದಿನದ ತಲೆಸ್ನಾನದಿಂದ ಎಣಿಸುತ್ತಾರೆ. ಹಾಗೆ ಎಣಿಸಿದರೆ ಲೆಕ್ಕವೆಲ್ಲ ತಪ್ಪುತ್ತದೆ.

ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಿಂದಿನ ಮುಟ್ಟಿನಿಂದ 14 ದಿನ ಅಲ್ಲ, ಗಮನಿಸಿ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 14ನೇ ದಿನದ ಹತ್ತಿರ. 32 ದಿನದವರಿಗೆ 18ನೇ ದಿನದ ಹತ್ತಿರ. 26 ದಿನದವರಿಗೆ 12ನೇ ದಿನದ ಹತ್ತಿರ. ಹೊರಬಂದ ಅಂಡಾಣು ಬದುಕುವುದು ಒಂದು ದಿನ ಮಾತ್ರ. ಆದರೆ ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಜೀವಂತವಾಗಿ ಇರಬಲ್ಲದು. ಅಂದರೆ ಅಂಡಾಣು ಬರುವ ದಿನ ಮತ್ತು ಅದಕ್ಕೆ ಮೊದಲಿನ ಐದು ದಿನ, ಒಟ್ಟು ಆರು ದಿನ ಫಲವತ್ತಾದ ದಿನಗಳು. 28 ದಿನದವರು 9ರಿಂದ 15ನೇ ದಿನದವರೆಗೆ ದಿನ ಬಿಟ್ಟು ದಿನ ಕೂಡಿದರೆ ಸಾಕು.

ದೇಹವೂ ಒಂದು ಗುರುತು ಕೊಡುತ್ತದೆ. ಆ ದಿನಗಳಲ್ಲಿ ಯೋನಿಯಿಂದ ಬರುವ ದ್ರವ ಬೆಂಡೆಕಾಯಿಯ ಲೋಳೆಯ ಹಾಗೆ ತಿಳಿಯಾಗಿ, ಜಾರುವಂತೆ, ಎರಡು ಬೆರಳ ನಡುವೆ ಎಳೆದರೆ ಎಳೆಯಾಗಿ ಬರುತ್ತದೆ. ಇದು ಬಿಳಿ ಸೆರಗಿನ ಕಾಯಿಲೆ ಅಲ್ಲ, ಒಳ್ಳೆಯ ಸೂಚನೆ. ತುರಿಕೆ, ವಾಸನೆ, ಮೊಸರಿನ ಗಡ್ಡೆಯಂಥ ಸ್ರಾವ ಇದ್ದರೆ ಮಾತ್ರ ಔಷಧಿ ಬೇಕು. ಮುಟ್ಟು ಏರುಪೇರಾಗಿ ಬರುವವರಿಗೆ ಈ ಕ್ಯಾಲೆಂಡರಿನ ಲೆಕ್ಕ ಹಿಡಿಯುವುದಿಲ್ಲ. ಅವರು ವೈದ್ಯರನ್ನೇ ಕಾಣಬೇಕು.

ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ತಿಂಗಳಿಗೆ ಎರಡು ದಿನ ಊರಿಗೆ ಬರುವ ಮನೆಗಳು ಈಗ ಎಷ್ಟಿಲ್ಲ? ಲಾರಿ ಓಡಿಸುವವರು, ಸೈನ್ಯದಲ್ಲಿ ಇರುವವರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರು ಇದ್ದಾರೆ. ಅವರು ಬರುವ ದಿನವೂ ನಿಮ್ಮ ಆ ಆರು ದಿನವೂ ಕೂಡಿಬರದಿದ್ದರೆ ಮೂರು ವರ್ಷವಾದರೂ ಗರ್ಭ ನಿಲ್ಲದಿರಬಹುದು. ಇಬ್ಬರಲ್ಲೂ ಯಾವ ದೋಷವೂ ಇಲ್ಲದೆ! ಕ್ಯಾಲೆಂಡರ್ ನೋಡಿ ರಜೆ ಹಾಕಲು ಹೇಳಿ. ಜಾತ್ರೆಗೆ ರಜೆ ಹಾಕುವವರು ಇದಕ್ಕೆ ಹಾಕಬಾರದೇ?

ಕೂಡಿದ ಮೇಲೆ ವೀರ್ಯ ಹೊರಗೆ ಹರಿದುಹೋಗುತ್ತೆ, ಅದಕ್ಕೇ ಮಗು ಆಗ್ತಿಲ್ಲ ಎಂದು ಹಲವರಿಗೆ ಚಿಂತೆ. ಅದು ಎಲ್ಲರಿಗೂ ಆಗುವಂಥದ್ದೇ. ಬೇಕಾದ ವೀರ್ಯಾಣುಗಳು ಕೆಲವೇ ನಿಮಿಷಗಳಲ್ಲಿ ಒಳಗೆ ಸೇರಿರುತ್ತವೆ. ಕಾಲು ಗೋಡೆಗೆ ಎತ್ತಿ ಮಲಗಬೇಕಿಲ್ಲ. ಆದರೆ ಒಳಗೆಲ್ಲ ನೀರು, ಸೋಪು ಹಾಕಿ ತೊಳೆಯಬೇಡಿ.

ಊಟ, ಮಾತ್ರೆ, ಮೈತೂಕ

ಇದನ್ನು ತಿಂದರೆ ಗರ್ಭ ನಿಲ್ಲುತ್ತೆ ಎಂದು ಹೇಳಬಹುದಾದ ಒಂದೇ ಒಂದು ಪದಾರ್ಥ ಇಲ್ಲ. ಮನೆಯ ಊಟವೇ ಸಾಕು. ರಾಗಿ, ಕಾಳು, ಸೊಪ್ಪು, ಮೊಸರು, ಹಣ್ಣು, ಅಭ್ಯಾಸವಿದ್ದವರಿಗೆ ಮೊಟ್ಟೆ ಮೀನು. ಅಯೋಡಿನ್ ಸೇರಿಸಿದ ಉಪ್ಪು ಬಳಸಿ. ಮನೆಯವರೆಲ್ಲ ಉಂಡಾದ ಮೇಲೆ ಉಳಿದದ್ದು ನನಗೆ ಅನ್ನುವ ಅಭ್ಯಾಸ ಬಿಡಿ. ರಕ್ತ ಕಡಿಮೆ ಇದ್ದರೆ ಗರ್ಭ ಧರಿಸುವ ಮೊದಲೇ ಸರಿಮಾಡಿಕೊಳ್ಳುವುದು ಜಾಣತನ.

ಒಂದು ಮಾತ್ರೆಯನ್ನು ಮಾತ್ರ ಮರೆಯಬೇಡಿ: ಫೋಲಿಕ್ ಆಸಿಡ್. ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿ, ಮಿದುಳು ರೂಪುಗೊಳ್ಳುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ, ಅಂದರೆ ಮುಟ್ಟು ನಿಂತಿದೆ ಎಂದು ನಿಮಗೆ ಗೊತ್ತಾಗುವ ಆಸುಪಾಸಿನಲ್ಲೇ. ಆದ್ದರಿಂದ ಬಸಿರಾದ ಮೇಲೆ ಶುರು ಮಾಡಿದರೆ ತಡವಾಯಿತು. ಪ್ರಯತ್ನ ಶುರು ಮಾಡುವ ಒಂದು ತಿಂಗಳ ಮೊದಲಾದರೂ ತೆಗೆದುಕೊಳ್ಳಲು ಆರಂಭಿಸಿ, ಬಸಿರಿನ ಮೂರು ತಿಂಗಳು ಮುಂದುವರಿಸಿ. ಇಂಥ ದೋಷದ ಮಗು ಹಿಂದೆ ಹುಟ್ಟಿದ್ದ ತಾಯಂದಿರು ಹೆಚ್ಚು ಪ್ರಮಾಣದಲ್ಲಿ ಈ ಮಾತ್ರೆ ತೆಗೆದುಕೊಂಡರೆ ಅದು ಮರುಕಳಿಸುವುದು ನಾಲ್ಕರಲ್ಲಿ ಮೂರು ಪಾಲಿನಷ್ಟು ಕಡಿಮೆಯಾಗುತ್ತದೆ ಎಂದು 1991ರಲ್ಲೇ ಬ್ರಿಟನ್ನಿನ ಅಧ್ಯಯನ ತೋರಿಸಿತು. ಆ ಹೆಚ್ಚಿನ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಸೊಪ್ಪಿನಲ್ಲೂ ಈ ಸತ್ವ ಇದೆ, ಆದರೆ ಬೇಯಿಸಿದ ನೀರಿನಲ್ಲಿ ಹೊರಟುಹೋಗುತ್ತದೆ. ಆ ನೀರು ಚೆಲ್ಲದೆ ಬಸ್ಸಾರು ಮಾಡುವ ನಮ್ಮ ಪದ್ಧತಿ ಒಳ್ಳೆಯದೇ. ಆದರೂ ಮಾತ್ರೆಯ ಬದಲಿಗೆ ಬಸ್ಸಾರು ಅಂತ ಮಾತ್ರ ಅಂದುಕೊಳ್ಳಬೇಡಿ.

ಪಿಸಿಓಡಿ, ಅಂಡಕೋಶದಲ್ಲಿ ನೀರುಗುಳ್ಳೆ ಎಂದು ಹೇಳಿಸಿಕೊಂಡವರಲ್ಲಿ ಹಲವರಿಗೆ ತೂಕವೂ ಜಾಸ್ತಿ. ಇವರು ತಮ್ಮ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸಿದರೂ ಮುಟ್ಟು ಸರಿಯಾಗಿ, ಅಂಡಾಣು ತಾನಾಗೇ ಬರತೊಡಗಬಹುದು. 80 ಕಿಲೋ ಇರುವವರಿಗೆ 4ರಿಂದ 8 ಕಿಲೋ. ಅಸಾಧ್ಯವಾದದ್ದೇನಲ್ಲ. ತೀರಾ ಸಣ್ಣಗಿರುವವರಿಗೂ ಅಂಡಾಣು ಬಿಡುಗಡೆ ನಿಂತುಹೋಗುವುದುಂಟು. ಅವರು ತೂಕ ಏರಿಸಿಕೊಳ್ಳಬೇಕು.

ರುಬೆಲ್ಲಾ ಲಸಿಕೆಯ ಬಗ್ಗೆಯೂ ಕೇಳಿ. ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ನಡೆದ ದೊಡ್ಡ ಅಭಿಯಾನದಲ್ಲಿ ಇದನ್ನು ಹಾಕಿದ್ದು 15 ವರ್ಷದೊಳಗಿನ ಮಕ್ಕಳಿಗೆ. ಆಗ ಅದಕ್ಕಿಂತ ದೊಡ್ಡವರಾಗಿದ್ದ ನೀವು ಹಾಕಿಸಿಕೊಂಡಿರದೇ ಇರಬಹುದು. ಬಸಿರಿನಲ್ಲಿ ಈ ಸೋಂಕು ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಹಾನಿ. ಲಸಿಕೆ ಹಾಕಿಸಿಕೊಂಡ ನಂತರ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾದವರು ವೈದ್ಯರಿಗೆ ಆ ಮಾತನ್ನೂ ಹೇಳಿ. ಗರ್ಭ ನಿಲ್ಲದಿರುವುದಕ್ಕೆ ಅದೇ ಕಾರಣ ಅಂತಲ್ಲ. ವಂಶದಲ್ಲಿ ಬರುವ ಕಾಯಿಲೆಗಳನ್ನು ಮೊದಲೇ ತಿಳಿಯಲು ಅದು ಬೇಕು.

‘ಸಂತಾನಭಾಗ್ಯದ ಪುಡಿ’, ‘ಗಂಡುಮಗುವಿನ ಔಷಧಿ’ ಎಂದು ಕೊಡುವವರ ಹತ್ತಿರ ಸುಳಿಯಬೇಡಿ. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಸೀಸ, ಪಾದರಸ ಇರುವುದುಂಟು. ಮಗು ಗಂಡೋ ಹೆಣ್ಣೋ ಎಂಬುದು ಗರ್ಭ ನಿಂತ ಕ್ಷಣದಲ್ಲೇ ತೀರ್ಮಾನವಾಗಿರುತ್ತದೆ, ಅದೂ ತಂದೆಯ ವೀರ್ಯಾಣುವಿನಿಂದ. ಯಾವ ಪುಡಿಯೂ ಅದನ್ನು ಬದಲಿಸದು. ಲಿಂಗ ಆಯ್ಕೆ ಮಾಡಿಕೊಡುತ್ತೇವೆ ಎನ್ನುವುದೇ 1994ರ ಕಾಯ್ದೆಯ ಪ್ರಕಾರ ಅಪರಾಧ. ಪೂಜೆ, ವ್ರತ, ಹರಕೆ ಮಾಡಬೇಡಿ ಅಂತ ನಾನು ಹೇಳೋದಿಲ್ಲ. ಮನಸ್ಸಿಗೆ ಧೈರ್ಯ ಬರುತ್ತೆ, ಮಾಡಿ. ಆದರೆ ಹರಕೆ ತೀರಿಸಿ ಇನ್ನೊಂದು ವರ್ಷ ನೋಡೋಣ ಎಂದು ಆಸ್ಪತ್ರೆಯನ್ನು ಮುಂದೂಡಬೇಡಿ. ಎರಡೂ ಒಟ್ಟಿಗೇ ನಡೆಯಲಿ.

ಯಜಮಾನರ ಪರೀಕ್ಷೆ ಮೊದಲು

ಎಲ್ಲ ಪರೀಕ್ಷೆಗಳಲ್ಲಿ ಸುಲಭವಾದದ್ದು, ಸೂಜಿ ಚುಚ್ಚದೆ, ಮಂಪರು ಕೊಡದೆ ಆಗುವಂಥದ್ದು ವೀರ್ಯ ಪರೀಕ್ಷೆ. ಖರ್ಚೂ ಕಡಿಮೆ. ಅದನ್ನೇ ಎಲ್ಲಕ್ಕಿಂತ ಕೊನೆಗೆ ಮಾಡಿಸುತ್ತಾರೆ ನೋಡಿ, ಇದಕ್ಕೇನು ಹೇಳೋಣ!

ಪರೀಕ್ಷೆಗೆ ಮೊದಲು ಎರಡರಿಂದ ಏಳು ದಿನ ಕೂಡದೇ ಇರಬೇಕು. ಲ್ಯಾಬಿನವರು ಕೊಡುವ ಡಬ್ಬಿಯಲ್ಲೇ ಸಂಗ್ರಹಿಸಬೇಕು, ನಿರೋಧ್‌ನಲ್ಲಿ ಅಲ್ಲ. ಲ್ಯಾಬಿನಲ್ಲೇ ಕೊಟ್ಟರೆ ಒಳ್ಳೆಯದು. ಮನೆಯಿಂದ ಒಯ್ಯುವುದಾದರೆ ಮೈಗೆ ತಾಗುವಂತೆ ಒಳಜೇಬಿನಲ್ಲಿಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಫ್ರಿಜ್‌ನಲ್ಲಿ ಇಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರ್‌ನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣು ಇದ್ದರೆ ಅದು ಕೆಳಗಿನ ಮಿತಿ. ನೂರರಲ್ಲಿ 42 ಆದರೂ ಚಲಿಸುತ್ತಿರಬೇಕು. ಇದಕ್ಕಿಂತ ಕಡಿಮೆ ಬಂದ ತಕ್ಷಣ ಎದೆಗುಂದಬೇಡಿ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಎರಡು ತಿಂಗಳ ಹಿಂದೆ ಜೋರು ಜ್ವರ ಬಂದಿದ್ದರೂ ಸಂಖ್ಯೆ ಇಳಿದಿರಬಹುದು. ಅದಕ್ಕೇ ಒಮ್ಮೆ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸುತ್ತಾರೆ.

ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು, ಕುಡಿತ ವೀರ್ಯಾಣುಗಳಿಗೆ ಹಾನಿ ಮಾಡುತ್ತವೆ. ಮೈ ಬೆಳೆಸಲು ಜಿಮ್‌ನಲ್ಲಿ ಚುಚ್ಚಿಸಿಕೊಳ್ಳುವ ಹಾರ್ಮೋನು ಇನ್ನೂ ಕೆಟ್ಟದ್ದು. ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸಿಬಿಡಬಲ್ಲದು. ವೃಷಣಗಳು ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಬೇಕು. ಬೇಕರಿಯ ಒಲೆಯ ಮುಂದೆ, ಬಾಯ್ಲರ್ ಹತ್ತಿರ ದಿನವಿಡೀ ನಿಲ್ಲುವವರು, ಬಿಗಿಯಾದ ಒಳಉಡುಪು ಹಾಕಿಕೊಂಡು ಗಂಟೆಗಟ್ಟಲೆ ವಾಹನ ಓಡಿಸುವವರು ಇದನ್ನು ಗಮನದಲ್ಲಿಡಬೇಕು. ಇಂದು ಚಟ ಬಿಟ್ಟರೆ ಫಲ ಕಾಣಲು ಮೂರು ತಿಂಗಳಾದರೂ ಬೇಕು.

ಅವರನ್ನು ಒಪ್ಪಿಸುವುದು ಹೇಗೆ ಅಂತೀರಾ? ನಿಜ, ಅದೇ ಕಷ್ಟ. ‘ನನ್ನದೆಲ್ಲ ಸರಿಯಾಗಿದೆ’ ಅಂದುಬಿಡುತ್ತಾರೆ. ಗಂಡಸುತನಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವಿಲ್ಲ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ವೀರ್ಯಾಣು ಒಂದೂ ಇಲ್ಲದವರೂ ದಾಂಪತ್ಯದಲ್ಲಿ ಎಲ್ಲರಂತೆಯೇ ಇರುತ್ತಾರೆ. ನೋಡಿದರೆ ತಿಳಿಯದು, ಸೂಕ್ಷ್ಮದರ್ಶಕದಲ್ಲೇ ತಿಳಿಯಬೇಕು. ಜಗಳದ ಹೊತ್ತಿನಲ್ಲಿ ಈ ಮಾತು ತೆಗೆಯಬೇಡಿ. ಸಮಾಧಾನದಲ್ಲಿದ್ದಾಗ ಹೇಳಿ: ‘ರೀ, ನಿಮ್ಮಲ್ಲಿ ದೋಷ ಇದೆ ಅಂತಲ್ಲ. ನಿಮ್ಮದು ಸರಿಯಾಗಿದೆ ಅಂತ ಕಾಗದದಲ್ಲಿ ಇದ್ದರೆ ನನಗೆ ಬೇಡದ ಚುಚ್ಚುಮದ್ದು, ಆಪರೇಶನ್ ತಪ್ಪುತ್ತೆ. ಒಂದು ಬೆಳಿಗ್ಗೆ ಬನ್ನಿ, ಸಾಕು.’ ಆಗಲೂ ಒಪ್ಪದಿದ್ದರೆ ಡಾಕ್ಟರಿಂದಲೇ ಹೇಳಿಸಿ. ಒಳ್ಳೆಯ ವೈದ್ಯರು ಗಂಡನ ರಿಪೋರ್ಟ್ ನೋಡದೆ ಹೆಂಡತಿಗೆ ದೊಡ್ಡ ಚಿಕಿತ್ಸೆ ಶುರು ಮಾಡುವುದಿಲ್ಲ.

ನಿಮ್ಮ ಪರೀಕ್ಷೆಗಳು

ನಿಮಗೆ ಸಾಮಾನ್ಯವಾಗಿ ಮಾಡಿಸುವುದು ಇಷ್ಟು. ರಕ್ತದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯಿಡ್‌ನ ಟಿಎಸ್‌ಎಚ್, ಮುಟ್ಟು ಏರುಪೇರಿದ್ದರೆ ಪ್ರೊಲ್ಯಾಕ್ಟಿನ್. ಗರ್ಭಕೋಶ, ಅಂಡಕೋಶ ನೋಡಲು ಸ್ಕ್ಯಾನ್. ಅಂಡಾಣು ಬರುತ್ತಿದೆಯೇ ಎಂದು ತಿಳಿಯಲು ಮುಂದಿನ ಮುಟ್ಟಿಗೆ ಒಂದು ವಾರ ಮೊದಲು ಒಂದು ರಕ್ತ ಪರೀಕ್ಷೆ. ಆಮೇಲೆ ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ. ಮುಟ್ಟು ನಿಂತ ಮೇಲೆ, ಅಂಡಾಣು ಬರುವ ಮೊದಲು, ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು ಗರ್ಭಕೋಶದೊಳಗೆ ಬಿಟ್ಟು ಚಿತ್ರ ತೆಗೆಯುತ್ತಾರೆ. ಮುಟ್ಟಿನ ನೋವಿನಂಥ ನೋವು ಸ್ವಲ್ಪ ಹೊತ್ತು ಇರುತ್ತದೆ. ನಮ್ಮ ದೇಶದಲ್ಲಿ ಗರ್ಭನಾಳ ಮುಚ್ಚಿಹೋಗಲು ಕ್ಷಯವೂ ಒಂದು ಮುಖ್ಯ ಕಾರಣ. ಕೆಮ್ಮು, ಜ್ವರ ಯಾವುದೂ ಇಲ್ಲದೆ ಒಳಗೊಳಗೇ ಇರಬಹುದು. ಇದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿ ಇದೆ.

‘ಗರ್ಭಕೋಶ ಕ್ಲೀನ್ ಮಾಡಿಸಿದರೆ ಮಗು ಆಗುತ್ತೆ’ ಎಂಬ ಮಾತನ್ನು ನಂಬಬೇಡಿ. ಒಳಪದರದ ತುಣುಕು ತೆಗೆದು ಕ್ಷಯವಿದೆಯೇ ಎಂದು ಪರೀಕ್ಷಿಸಲು ಅದನ್ನು ಮಾಡಬಹುದು. ಆದರೆ ಗರ್ಭ ನಿಲ್ಲಿಸುವ ಚಿಕಿತ್ಸೆ ಅದಲ್ಲ. ಯಾಕೆ ಮಾಡುತ್ತೀರಿ ಎಂದು ಕೇಳಿ. ಕೇಳುವುದು ಉದ್ಧಟತನವಲ್ಲ.

ಎಲ್ಲ ರಿಪೋರ್ಟುಗಳನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ಡಾಕ್ಟರು ಬದಲಾದಾಗಲೆಲ್ಲ ಅದೇ ಪರೀಕ್ಷೆ ಮತ್ತೆ ಮಾಡಿಸಿ ದುಡ್ಡು, ತಿಂಗಳು ಎರಡೂ ಕಳೆಯುವುದು ತಪ್ಪುತ್ತದೆ.

ದೊಡ್ಡ ಚಿಕಿತ್ಸೆಗೆ ಮೊದಲು

ಬಹಳ ಮಂದಿಗೆ ಸಣ್ಣ ಚಿಕಿತ್ಸೆಯೇ ಸಾಕಾಗುತ್ತದೆ. ಥೈರಾಯಿಡ್ ಮಾತ್ರೆ, ಅಂಡಾಣು ಬರಿಸುವ ಐದು ದಿನದ ಮಾತ್ರೆ, ಸಿದ್ಧಪಡಿಸಿದ ವೀರ್ಯವನ್ನು ಗರ್ಭಕೋಶದೊಳಗೆ ಬಿಡುವ ಐಯುಐ. ಇವು ಫಲಿಸದಿದ್ದಾಗ, ಎರಡೂ ಗರ್ಭನಾಳ ಮುಚ್ಚಿದ್ದಾಗ, ವೀರ್ಯಾಣು ತೀರಾ ಕಡಿಮೆ ಇದ್ದಾಗ ಐವಿಎಫ್.

‘ಪ್ರನಾಳ ಶಿಶು’ ಎಂದು ಪತ್ರಿಕೆಗಳು ಅಚ್ಚರಿಯಿಂದ ಬರೆದ ಕಾಲವೊಂದಿತ್ತು. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಮಗು ಹುಟ್ಟಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಎರಡನೆಯದು ಹುಟ್ಟಿತು. ಆ ದೊಡ್ಡ ಸಾಧನೆಗೆ ಮನ್ನಣೆ ಸಿಕ್ಕಿದ್ದು ಅವರು 1981ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. 1986ರಲ್ಲಿ ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಅವರು ಇದನ್ನು ಸಾಧಿಸಿದರು. 1992ರಲ್ಲಿ ಬೆಲ್ಜಿಯಂನ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ಸೇರಿಸುವ ವಿಧಾನವನ್ನು ಪ್ರಕಟಿಸಿದರು. ವೀರ್ಯಾಣು ಕಡಿಮೆ ಇರುವ ಎಷ್ಟೋ ಗಂಡಸರು ತಂದೆಯಾದದ್ದು ಇದರಿಂದ.

ಹಾಗಂತ ಐವಿಎಫ್ ಎಂದರೆ ಖಾತ್ರಿ ಅಲ್ಲ. ಹೆಂಗಸಿನ ವಯಸ್ಸು ಏರಿದಂತೆ ಫಲ ಕಡಿಮೆ. ಒಡವೆ ಅಡವಿಡುವ ಮೊದಲು ಕೇಳಬೇಕಾದ್ದನ್ನು ಕೇಳಿ. 2021ರ ಕಾಯ್ದೆಯ ಪ್ರಕಾರ ಈ ಕ್ಲಿನಿಕ್ ನೋಂದಣಿಯಾಗಿದೆಯೇ? ನಮಗೆ ಇದೇ ಯಾಕೆ ಬೇಕು, ಇದಕ್ಕಿಂತ ಸಣ್ಣ ಚಿಕಿತ್ಸೆ ಆಗದೇ? ನನ್ನ ವಯಸ್ಸಿನವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಮಗು ಕೈಗೆ ಬಂದಿದೆ? ಚುಚ್ಚುಮದ್ದು, ಔಷಧಿ ಎಲ್ಲ ಸೇರಿ ಒಟ್ಟು ಖರ್ಚು ಎಷ್ಟು? ಬೇರೆಯವರ ಅಂಡಾಣು ಅಥವಾ ವೀರ್ಯ ಬಳಸುವುದಾದರೆ ಮೊದಲೇ ಹೇಳಿ, ಲಿಖಿತ ಒಪ್ಪಿಗೆ ಪಡೆಯಬೇಕು. ಈ ಕಾಯ್ದೆಯಲ್ಲಿ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವರ್ಷದ ಮಿತಿಯೂ ಇದೆ.

ಮನೆಯವರ ಮಾತು

ಕೊನೆಗೆ ಒಂದು ಮಾತು, ಬಹುಶಃ ಇದೇ ಮುಖ್ಯ. ಸೀಮಂತಕ್ಕೆ ಕರೆಯದಿರುವುದು, ಕರೆದರೂ ಮಡಿಲು ತುಂಬುವಾಗ ಹಿಂದೆ ನಿಲ್ಲಿಸುವುದು, ತೊಟ್ಟಿಲು ಮುಟ್ಟಬೇಡ ಅನ್ನುವುದು. ಇವು ಸಣ್ಣ ವಿಷಯಗಳಲ್ಲ. ಒಬ್ಬ ಹೆಣ್ಣನ್ನು ಒಳಗಿಂದ ಒಳಗೇ ಕೊರೆಯುವಂಥವು. ಮಗುವಿಲ್ಲ ಎಂದು, ಗಂಡುಮಗುವಿಲ್ಲ ಎಂದು ಹೆಂಗಸನ್ನು ಹೀಯಾಳಿಸುವುದು ಕೌಟುಂಬಿಕ ದೌರ್ಜನ್ಯ ಎಂದು 2005ರ ಕಾಯ್ದೆ ಅದೇ ಮಾತುಗಳಲ್ಲಿ ಹೇಳಿದೆ. ಇದು ಎಷ್ಟು ಜನಕ್ಕೆ ಗೊತ್ತು? ‘ಇನ್ನೊಂದು ಮದುವೆ ಮಾಡ್ತೀವಿ’ ಎಂದು ಹೆದರಿಸುವವರಿದ್ದರೆ ಇದನ್ನೂ ತಿಳಿದಿರಿ: 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಹೆಂಡತಿ ಇರುವಾಗಲೇ ಮಾಡಿಕೊಂಡ ಎರಡನೇ ಮದುವೆಗೆ ಬೆಲೆಯಿಲ್ಲ, ಅದು ಅಪರಾಧ. ಮಕ್ಕಳಾಗಲಿಲ್ಲ ಎಂಬುದು ಆ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕಾರಣವೂ ಅಲ್ಲ. ಮಾತು ಮೀರಿ ಹಿಂಸೆಯಾದರೆ 181ಕ್ಕೆ ಫೋನ್ ಮಾಡಿ.

ಈ ಪುಟ ಓದುತ್ತಿರುವವರಲ್ಲಿ ಅತ್ತೆಯರೂ ಇದ್ದೀರಿ. ಅಮ್ಮಾ, ನಿಮಗೊಂದು ಬಿನ್ನಹ. ಸೊಸೆಯನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಷ್ಟೇ ಪ್ರೀತಿಯಿಂದ ಮಗನಿಗೆ ‘ನೀನೂ ಹೋಗಿ ತೋರಿಸ್ಕೋ ಮಗಾ’ ಎಂದು ಹೇಳಿ. ಹೆಂಡತಿಯ ಮಾತು ಕೇಳದ ಗಂಡಸು ತಾಯಿಯ ಮಾತು ಕೇಳಿಯಾನು. ನಿಮ್ಮ ಆ ಒಂದು ಮಾತಿನಿಂದ ಅವರಿಬ್ಬರಿಗೆ ವರ್ಷಗಳೇ ಉಳಿದಾವು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನಲ್ಲಿ ಆರು ಮಂದಿಗೆ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಈ ಕಷ್ಟ ಕಂಡವರೇ. ನೀವೊಬ್ಬರೇ ಅಲ್ಲ. ಎಲ್ಲ ಪ್ರಯತ್ನದ ನಂತರವೂ ಆಗದಿದ್ದರೆ ದತ್ತು ತೆಗೆದುಕೊಳ್ಳುವ ದಾರಿ ಇದೆ. ಮಕ್ಕಳಿಲ್ಲದೆಯೂ ನೆಮ್ಮದಿಯಿಂದ ಬಾಳುತ್ತಿರುವ ದಂಪತಿಗಳೂ ಇದ್ದಾರೆ. ಆ ತೀರ್ಮಾನ ನಿಮ್ಮಿಬ್ಬರದು, ನೆರೆಹೊರೆಯವರದಲ್ಲ.

ಈ ಸಂಚಿಕೆ ಕೆಳಗಿಡುವ ಮೊದಲು ಒಂದು ಕೆಲಸ ಮಾಡಿ. ಕೊನೆಯ ಮೂರು ಮುಟ್ಟಿನ ತಾರೀಖು, ಇಬ್ಬರ ವಯಸ್ಸು, ಇಬ್ಬರಿಗೂ ಹಿಂದೆ ಆದ ಕಾಯಿಲೆ ಮತ್ತು ಆಪರೇಶನ್ನುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಡಾಕ್ಟರು ಮೊದಲು ಕೇಳುವುದು ಅದನ್ನೇ. ನನಗೆ ಬರೆಯುವವರೂ ಇಷ್ಟು ವಿವರ ಕೊಡಿ. ಹೆಸರು ಬೇಡ, ಊರು ಬೇಡ. ಆದರೆ ಯಜಮಾನರ ಪರೀಕ್ಷೆ ಆಯ್ತೇ ಇಲ್ಲವೇ ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.